ಡೇರೆ ಗೆಡ್ಡೆ ಮುಂದಿನ ಮಳೆಗಾಲಕ್ಕೆ ಉಳಿಯಬೇಕೇ? ನೆಡುವುದರಿಂದ ಕಾಪಿಡುವವರೆಗೆ ಹಂತ ಹಂತವಾಗಿ

ಮೇ ಕೊನೆಯಾದರೆ ಸಾಕು, ನನ್ನ ಫೋನಿಗೆ ಒಂದೇ ಬಗೆಯ ಫೋಟೋಗಳು ಬರಲು ಶುರುವಾಗುತ್ತವೆ. ಒಣ ಖರ್ಜೂರದಂತೆ ಸುಕ್ಕಾದ ಗೆಡ್ಡೆ. ಲೋಳೆಯಾಗಿ ಕೈಗೆ ಅಂಟುವ ಗೆಡ್ಡೆ. ಇನ್ನು ಕೆಲವು ನೋಡಲು ಗುಂಡುಗುಂಡಾಗಿ ಚೆನ್ನಾಗೇ ಇರುತ್ತವೆ, ಆದರೆ ನೆಟ್ಟು ತಿಂಗಳಾದರೂ ಚಿಗುರುವುದಿಲ್ಲ. ಜೊತೆಗೆ ಅದೇ ಪ್ರಶ್ನೆ: "ಅಕ್ಕಾ, ಹೋದ ವರ್ಷ ಅಷ್ಟು ಚೆನ್ನಾಗಿ ಹೂವು ಬಿಟ್ಟಿತ್ತಲ್ಲ, ಈ ಸಲ ಏನಾಯ್ತು?"

ಹೂವು ಬಿಡಿಸುವುದು ಅಂಥ ಕಷ್ಟವಲ್ಲ. ಸಾಗರ, ಸಿದ್ದಾಪುರ, ಶಿರಸಿ ಕಡೆ ಮಳೆಗಾಲದಲ್ಲಿ ಡೇರೆ ಇಲ್ಲದ ಅಂಗಳ ಹುಡುಕುವುದೇ ಕಷ್ಟ. ಎಡವುವುದು ಡಿಸೆಂಬರಿನಿಂದ ಮೇ ತನಕ, ಗಿಡ ಕಣ್ಣಿಗೆ ಕಾಣದೆ ಇರುವ ಆ ಆರು ತಿಂಗಳಲ್ಲಿ. ಹಾಗಾಗಿ ಇಲ್ಲಿ ಆ ಭಾಗವನ್ನೇ ಜಾಸ್ತಿ ಬರೆದಿದ್ದೇನೆ. (ನರ್ಸರಿಯಲ್ಲಿ ಡೇಲಿಯಾ ಅಂತ ಕೊಂಡವರಿಗೆ: ಡೇರೆ ಅಂದರೂ ಅದೇ.)

## ಮೊದಲು ಗೆಡ್ಡೆಯನ್ನು ಸರಿಯಾಗಿ ನೋಡಿ

ಡೇರೆ ಗೆಡ್ಡೆ ಆಲೂಗಡ್ಡೆಯಲ್ಲ. ಆಲೂಗಡ್ಡೆಗೆ ಮೈತುಂಬ ಕಣ್ಣು, ಒಂದು ಕಣ್ಣಿರುವಂತೆ ಎಲ್ಲಿ ಕತ್ತರಿಸಿ ನೆಟ್ಟರೂ ಚಿಗುರುತ್ತದೆ. ಡೇರೆಯದು ಊದಿಕೊಂಡ ಬೇರು. ಅದರ ಮೈಮೇಲೆ ಒಂದೂ ಕಣ್ಣಿರುವುದಿಲ್ಲ. ಕಣ್ಣಿರುವುದು ಹಳೆಯ ದಂಟಿನ ಬುಡದಲ್ಲಿ, ಗೆಡ್ಡೆಯ ಕುತ್ತಿಗೆ ಬಂದು ದಂಟಿಗೆ ಸೇರುವ ಜಾಗದಲ್ಲಿ ಮಾತ್ರ.

ಒಂದು ಗೊಂಚಲು ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಕೆಳಗೆ ದಪ್ಪ ಗೆಡ್ಡೆ. ಮೇಲಕ್ಕೆ ಬಂದಂತೆ ಅದು ಪೆನ್ಸಿಲಿನಷ್ಟು, ಕೆಲವೊಮ್ಮೆ ಇನ್ನೂ ಸಪೂರ ಆಗುತ್ತದೆ. ಅದು ಕುತ್ತಿಗೆ. ಅದರ ಮೇಲೆ, ದಂಟಿನ ಸುತ್ತ, ರಾಗಿಕಾಳಿನಷ್ಟು ದಪ್ಪದ ಗುಲಾಬಿ ಅಥವಾ ತಿಳಿಹಸಿರು ಗುಳ್ಳೆಗಳು. ಅವೇ ಕಣ್ಣು. ಉಗುರು ತಾಗಿದರೂ ಕಿತ್ತುಬರುವಷ್ಟು ಮೆತ್ತಗಿರುತ್ತವೆ.

ಕುತ್ತಿಗೆ ಮುರಿದರೆ ಗೆಡ್ಡೆ ಎಷ್ಟೇ ದಪ್ಪವಿರಲಿ, ಅದರ ಕತೆ ಮುಗಿಯಿತು. ನೆಟ್ಟರೆ ಬೇರು ಬಿಡುತ್ತದೆ, ತಿಂಗಳುಗಟ್ಟಲೆ ಕೊಳೆಯದೆ ಇರುತ್ತದೆ, ಆದರೆ ಚಿಗುರುವುದಿಲ್ಲ. ಎರಡು ವರ್ಷದ ಕೆಳಗೆ ಆನ್‌ಲೈನಿನಲ್ಲಿ ಹತ್ತು ಗೆಡ್ಡೆ ತರಿಸಿದ್ದೆ. ಮಾರಿದವರ ಹೆಸರು ಬೇಡ. ಹತ್ತರಲ್ಲಿ ಆರಕ್ಕೆ ಕುತ್ತಿಗೆಯೇ ಇರಲಿಲ್ಲ. ಗೊಂಚಲಿನಿಂದ ಬಾಳೆಹಣ್ಣು ಕಿತ್ತ ಹಾಗೆ ಕಿತ್ತು ಕಳಿಸಿದ್ದರು.

## ಬೇಕಾಗುವ ಸಾಮಾನು

ಹರಿತವಾದ ಸಣ್ಣ ಚಾಕು, ಒಲೆಯ ಬೂದಿ, ಅಳಿಸಿಹೋಗದ ಮಾರ್ಕರ್ ಪೆನ್ನು, ಒಂದಾಳೆತ್ತರದ ಅಡಕೆ ದಬ್ಬೆ (ಸೀಳಿದ ಅಡಕೆ ಮರ) ಅಥವಾ ಬಿದಿರಿನ ಕೋಲು, ಕಟ್ಟಲು ಬಾಳೆ ನಾರು ಇಲ್ಲವೇ ಹಳೆ ಹತ್ತಿ ಬಟ್ಟೆಯ ಪಟ್ಟಿ. ನೆಡಲು 12 ಇಂಚಿನ ಕುಂಡ ಅಥವಾ ಅರ್ಧಕ್ಕೆ ಮಡಚಿದ ಸಿಮೆಂಟ್ ಚೀಲ. ತೂತು ಮಾತ್ರ ಧಾರಾಳವಾಗಿರಲಿ, ತಳಕ್ಕೆ ನಾಲ್ಕು, ಪಕ್ಕಕ್ಕೆ ನಾಲ್ಕು. ಕಾಪಿಡಲು ಅಗಲ ಬಾಯಿಯ ಮಣ್ಣಿನ ಮಡಕೆ, ಮರಳು ಅಥವಾ ತೆಂಗಿನ ನಾರಿನ ಪುಡಿ.

ಪ್ಲಾಸ್ಟಿಕ್ ದಾರದಿಂದ ಗಿಡ ಕಟ್ಟಬೇಡಿ. ಡೇರೆ ದಂಟಿನ ಒಳಗೆ ಟೊಳ್ಳು. ಗಾಳಿಗೆ ತೂಗಾಡಿದಾಗ ದಾರ ಕೊಯ್ದುಬಿಡುತ್ತದೆ.

## ಹಂತ 1: ಮೇ ತಿಂಗಳಲ್ಲಿ ಗೆಡ್ಡೆ ಬಿಡಿಸುವುದು

ಗೊಂಚಲನ್ನು ಬಿಡಿಸುವ ಕೆಲಸ ಡಿಸೆಂಬರಿನಲ್ಲೂ ಮಾಡಬಹುದು, ಮೇ ತಿಂಗಳಲ್ಲೂ ಮಾಡಬಹುದು. ಹೊಸಬರು ಮೇ ತನಕ ಕಾಯುವುದೇ ಒಳ್ಳೆಯದು. ಅಷ್ಟೊತ್ತಿಗೆ ಕಣ್ಣು ಊದಿ ಎದ್ದು ಕಾಣುತ್ತದೆ. ಇಡೀ ಗೊಂಚಲಾಗಿ ಇಟ್ಟರೆ ಒಣಗುವುದೂ ಕಡಿಮೆ.

ಚಾಕುವನ್ನು ದಂಟಿನ ನಡುವೆ ಇಟ್ಟು ಮೇಲಿನಿಂದ ಕೆಳಕ್ಕೆ ಸೀಳಿ. ಪ್ರತಿ ತುಂಡಿನಲ್ಲೂ ಮೂರು ಇರಬೇಕು: ಗಟ್ಟಿ ಗೆಡ್ಡೆ, ಮುರಿಯದ ಕುತ್ತಿಗೆ, ಕಣ್ಣಿರುವ ದಂಟಿನ ಚೂರು. ಒಂದು ತುಂಡಿಗೆ ಒಂದು ಗೆಡ್ಡೆ, ಒಂದು ಕಣ್ಣು ಸಾಕು. ನಾಲ್ಕೈದು ಗೆಡ್ಡೆಯ ದೊಡ್ಡ ತುಂಡು ನೆಟ್ಟರೆ ಹೂವು ಜಾಸ್ತಿ ಅನ್ನುವುದು ಸುಮ್ನೆ. ದಂಟುಗಳು ಒತ್ತೊತ್ತಾಗಿ ಎದ್ದು ಒಂದಕ್ಕೊಂದು ಅಡ್ಡ ಬರುತ್ತವೆ, ಅಷ್ಟೇ.

ಕೊಯ್ದ ಜಾಗಕ್ಕೆ ಬೂದಿ ಸವರಿ ಎರಡು ದಿನ ನೆರಳಲ್ಲಿ ಆರಲು ಬಿಡಿ. ಗಾಯ ಒಣಗಿ ಪೊರೆ ಕಟ್ಟಿದ ಮೇಲೆ ನೆಡಬೇಕು. ಹಸಿ ಗಾಯ ಹಸಿ ಮಣ್ಣಿಗೆ ಹೋದರೆ ಕೊಳೆ ಅಲ್ಲಿಂದಲೇ ಶುರು.

## ಹಂತ 2: ನೆಡುವುದು

ರೋಹಿಣಿ ಮಳೆ ಹಿಡಿಯುವ ಮೊದಲೇ ನೆಟ್ಟುಬಿಡಿ. ಜೂನ್ ಮೊದಲ ವಾರ ದಾಟಿ ಜಡಿಮಳೆ ಹಿಡಿದ ಮೇಲೆ ನೆಟ್ಟರೆ ಚಿಗುರುವುದಕ್ಕಿಂತ ಕೊಳೆಯುವ ಸಾಧ್ಯತೆಯೇ ಜಾಸ್ತಿ.

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ. ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಬಿಸಿ ಇರಬಾರದು, ಸಗಣಿಯ ವಾಸನೆ ಬರಬಾರದು. ಹಸಿ ಗೊಬ್ಬರದಲ್ಲಿ ಬಿಳಿಯ ಬೇರುಹುಳ ಇರುತ್ತದೆ, ಗೆಡ್ಡೆಯನ್ನು ಒಳಗಿನಿಂದ ತಿಂದು ಮುಗಿಸುತ್ತದೆ. ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಒಳ್ಳೆಯದು.

ನೆಟ್ಟು ಮುಗಿದಾಗ ಕುಂಡ ಮುಕ್ಕಾಲು ಮಾತ್ರ ತುಂಬಿರಬೇಕು. ಮೊದಲು ಕೋಲು ಊರಿ, ಆಮೇಲೆ ಅದರ ಪಕ್ಕ ಗೆಡ್ಡೆಯನ್ನು ಮಲಗಿಸಿ, ಕಣ್ಣಿನ ತುದಿ ಕೋಲಿನ ಕಡೆಗಿರಲಿ. ಮೇಲೆ ನಾಲ್ಕು ಇಂಚು ಮಣ್ಣು. ಈ ಕ್ರಮ ತಪ್ಪಿಸಬೇಡಿ. ಗಿಡ ಬೆಳೆದ ಮೇಲೆ ಕೋಲು ಊರಲು ಹೋಗಿ ಗೆಡ್ಡೆಗೇ ಚುಚ್ಚಿದವರು ನಮ್ಮಲ್ಲಿ ಕಡಿಮೆ ಇಲ್ಲ. ನಾನೂ ಅವರಲ್ಲಿ ಒಬ್ಬಳು.

ಚಿಗುರು ಕಾಣುವ ತನಕ ನೀರು ಹಾಕಬೇಡಿ. ಗೆಡ್ಡೆಗೆ ಇನ್ನೂ ಬೇರಿಲ್ಲ, ಕುಡಿಯಲು ಬಾಯಿಯೇ ಇಲ್ಲದವರಿಗೆ ನೀರು ಯಾಕೆ? ನೆಡುವಾಗ ಮಣ್ಣು ಮುಷ್ಟಿಯಲ್ಲಿ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಅಷ್ಟು ತೇವ ಸಾಕು. ಮಳೆ ಬಂದರೆ ಕುಂಡವನ್ನು ಜಗಲಿಯ ಅಂಚಿಗೆ ಎಳೆದುಕೊಳ್ಳಿ. ಎರಡರಿಂದ ನಾಲ್ಕು ವಾರದಲ್ಲಿ ಚಿಗುರು ಮೇಲೆ ಬರುತ್ತದೆ. ಎರಡು ಜೊತೆ ಎಲೆ ಬಂದ ಮೇಲೆ ಅಂಗಳಕ್ಕೆ ಇಡಿ.

ನೆಲದಲ್ಲಿ ನೆಡುವುದಾದರೆ ಒಂದಡಿ ಎತ್ತರದ ಏರಿ ಮಾಡಿ. ಸಪಾಟು ನೆಲ ಮಲೆನಾಡಿನ ಮಳೆಗೆ ಆಗಿಬರುವುದಿಲ್ಲ.

## ಹಂತ 3: ಕುಡಿ ಚಿವುಟುವುದು, ಕುಡಿಯನ್ನೇ ನೆಡುವುದು

ಗಿಡ ಒಂದೂವರೆ ಅಡಿ ಆದಾಗ, ನಾಲ್ಕು ಜೊತೆ ಎಲೆ ಬಿಟ್ಟು ಮೇಲಿನ ಕುಡಿ ಚಿವುಟಿ. ಎಷ್ಟು ಹೇಳಿದರೂ ಈ ಒಂದು ಕೆಲಸಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಚಿವುಟದಿದ್ದರೆ ಒಂದೇ ದಂಟು, ಆಳೆತ್ತರ, ತುದಿಗೊಂದು ಹೂವು, ಒಂದು ಗಾಳಿಗೆ ಕೆಳಗೆ. ಚಿವುಟಿದರೆ ಎಲೆಯ ಸಂದಿಗಳಿಂದ ಐದಾರು ಕವಲು ಬರುತ್ತವೆ.

ಚಿವುಟಿದ ಕುಡಿ ಎಸೆಯಬೇಡಿ. ಮೂರು ನಾಲ್ಕು ಇಂಚು ಉದ್ದವಿದ್ದರೆ ಕೆಳಗಿನ ಎಲೆ ತೆಗೆದು, ಒಂದು ಗಿಣ್ಣಾದರೂ ಮಣ್ಣೊಳಗೆ ಹೋಗುವಂತೆ ಮರಳು ಬೆರೆಸಿದ ಮಣ್ಣಿಗೆ ಊರಿ ನೆರಳಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಆ ಗಿಣ್ಣಿನಲ್ಲೇ ಮುಂದಿನ ವರ್ಷದ ಕಣ್ಣು ಕೂಡುವುದು. ಕುಡಿಯಿಂದ ಆದ ಗಿಡ ಡಿಸೆಂಬರಿನೊಳಗೆ ಪುಟ್ಟ ಗೆಡ್ಡೆ ಕಟ್ಟುತ್ತದೆ. ಅಪರೂಪದ ಬಣ್ಣವಿದ್ದರೆ ಹೀಗೆ ಒಂದೆರಡು ಜೋಡಿ ಮಾಡಿಟ್ಟುಕೊಳ್ಳಿ.

ಬೀಜದಿಂದ ಅದೇ ಬಣ್ಣ ಬರುವುದಿಲ್ಲ, ಗೊತ್ತಿರಲಿ. ಬಂದರೆ ಅದೃಷ್ಟ.

## ಹಂತ 4: ಮಳೆಗಾಲದ ಆರೈಕೆ

ಆಷಾಢದಲ್ಲಿ ಗಿಡಕ್ಕೆ ನೀರಿನ ಚಿಂತೆಯಿಲ್ಲ, ಬೆಳಕಿನದೇ ಚಿಂತೆ. ಮರದಡಿ, ಗೋಡೆ ಮೂಲೆ ಬೇಡ. ಆಕಾಶ ಪೂರ್ತಿ ಕಾಣುವ ಜಾಗದಲ್ಲಿಡಿ. ಜುಲೈ ನಡುವಲ್ಲಿ ಕುಂಡದ ಉಳಿದ ಕಾಲು ಭಾಗಕ್ಕೆ ಗೊಬ್ಬರ ಬೆರೆಸಿದ ಮಣ್ಣು ಏರಿಸಿ.

ಯೂರಿಯಾ ಮಾತ್ರ ಹಾಕಬೇಡಿ. ಎಲೆ ಕಪ್ಪುಹಸಿರಾಗಿ ಸೊಕ್ಕಿ ಬೆಳೆಯುತ್ತದೆ, ಹೂವು ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಅಂಥ ಗಿಡದ ಗೆಡ್ಡೆ ನೀರುನೀರಾಗಿರುತ್ತದೆ, ಬೇಸಿಗೆ ದಾಟುವುದಿಲ್ಲ. ಕೆಟ್ಟ ಕಾಪಿಡುವಿಕೆ ಅಂತ ನಾವು ದೂರುವ ಎಷ್ಟೋ ಸಲ ತಪ್ಪು ಜುಲೈ ತಿಂಗಳ ಗೊಬ್ಬರದ್ದೇ ಆಗಿರುತ್ತದೆ.

ಮೊಗ್ಗು ಸಾಮಾನ್ಯವಾಗಿ ಮೂರರ ಗುಂಪಾಗಿ ಬರುತ್ತದೆ. ದೊಡ್ಡ ಹೂವು ಬೇಕಿದ್ದರೆ ನಡುವಿನದು ಬಿಟ್ಟು ಪಕ್ಕದ ಎರಡು ತೆಗೆಯಿರಿ. ನೆಟ್ಟು ಸುಮಾರು ಎರಡೂವರೆ, ಮೂರು ತಿಂಗಳಿಗೆ ಹೂವು. ಮೇ ಕೊನೆಗೆ ನೆಟ್ಟರೆ ಚೌತಿ ಹೊತ್ತಿಗೆ ಅಂಗಳ ತುಂಬುತ್ತದೆ. ಬಾಡಿದ ಹೂವನ್ನು ಆಗಾಗ ಕೊಯ್ದು ತೆಗೆಯಿರಿ.

ಈ ಲಕ್ಷಣಗಳ ಮೇಲೆ ಕಣ್ಣಿಡಿ:

- ಎಳೆ ಚಿಗುರು ರಾತ್ರೋರಾತ್ರಿ ಮಾಯ, ಪಕ್ಕದಲ್ಲಿ ಹೊಳೆಯುವ ಲೋಳೆಯ ಗೆರೆ: ಬಸವನಹುಳ. ರಾತ್ರಿ ಬ್ಯಾಟರಿ ಹಿಡಿದು ಹೋಗಿ ಹೆಕ್ಕುವುದೇ ಮದ್ದು.
- ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳುಪು: ಬೂದಿ ರೋಗ. ಕೆಳಗಿನ ಎಲೆ ತೆಗೆದು ಗಾಳಿಯಾಡಿಸಿ. ಜಾಸ್ತಿಯಾದರೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ.
- ಮೊಗ್ಗಿನ ಸುತ್ತ ಹೇನು: ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು.
- ಎಲೆಯ ನರದುದ್ದಕ್ಕೂ ಹಳದಿ ಪಟ್ಟೆ, ಎಲೆ ಮುರುಟು, ಗಿಡ ಕುಳ್ಳು: ನಂಜು ರೋಗ. ಇದಕ್ಕೆ ಔಷಧಿ ಇಲ್ಲ, ಗೆಡ್ಡೆಯಲ್ಲೂ ಉಳಿಯುತ್ತದೆ. ಎಷ್ಟೇ ಚಂದದ ಬಣ್ಣವಾದರೂ ಕಿತ್ತು ಸುಡಿ. ಗೊಬ್ಬರ ಗುಂಡಿಗೆ ಬೇಡ.

## ಹಂತ 5: ಹೂವಿರುವಾಗಲೇ ಹೆಸರು ಬರೆಯುವುದು

ಗೆಡ್ಡೆ ನೋಡಿ ಬಣ್ಣ ಹೇಳಲು ಯಾರಿಂದಲೂ ಆಗುವುದಿಲ್ಲ. ನನ್ನವಕ್ಕೆ ಪುಸ್ತಕದ ಹೆಸರಿಲ್ಲ, ಬಂದ ಮನೆಯದೇ ಹೆಸರು: "ಅತ್ತಿಗೆ ಮನೆ ಕೆಂಪು", "ಪೋಸ್ಟ್ ಮನೆ ಕೆನೆ". ಒಂದು ವರ್ಷ ಚೀಟಿ ಬರೆದು ಗೊಂಚಲಿಗೆ ಕಟ್ಟಿಟ್ಟೆ. ಒರಲೆ (ಗೆದ್ದಲು) ಗೆಡ್ಡೆ ಮುಟ್ಟಲಿಲ್ಲ, ಚೀಟಿ ಅಷ್ಟನ್ನೂ ತಿಂದಿತು. ಈಗ ಹೂವಿರುವಾಗ ದಂಟಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತೇನೆ, ಕಿತ್ತ ಮೇಲೆ ಗೆಡ್ಡೆಯ ಮೈಮೇಲೇ ಮಾರ್ಕರಿನಿಂದ ಬರೆಯುತ್ತೇನೆ. ಗೆಡ್ಡೆಗೆ ಏನೂ ಆಗುವುದಿಲ್ಲ.

## ಹಂತ 6: ಗಿಡವನ್ನು ಮಲಗಿಸುವುದು

ಹಗಲು ಗಿಡ್ಡವಾದಂತೆ ಗಿಡ ಹೂವು ಕಡಿಮೆ ಮಾಡಿ ಗೆಡ್ಡೆ ತುಂಬಲು ತೊಡಗುತ್ತದೆ. ಹೂವು ನಿಂತಿತು ಅಂತ ದೀಪಾವಳಿಗೇ ಕಿತ್ತುಹಾಕುವವರು ಕಳೆದುಕೊಳ್ಳುವುದು ಇದನ್ನೇ. ಎಳೆ ಗೆಡ್ಡೆಯ ಸಿಪ್ಪೆ ತೆಳು, ಒಂದೇ ತಿಂಗಳಲ್ಲಿ ಸುಕ್ಕಾಗುತ್ತದೆ.

ನವೆಂಬರ್ ನಡುವಿನಿಂದ ನೀರು ಕಡಿಮೆ ಮಾಡುತ್ತಾ ಬನ್ನಿ. ಎಲೆ ಹಳದಿಯಾಗಿ, ದಂಟು ಕಂದು ಬಣ್ಣಕ್ಕೆ ತಿರುಗಲಿ. ಆಮೇಲೆ ನೆಲದಿಂದ ನಾಲ್ಕೈದು ಇಂಚು ಬಿಟ್ಟು ದಂಟು ಕೊಯ್ಯಿರಿ. ಕೊಯ್ದ ದಂಟು ಕೊಳವೆಯಂತಿರುತ್ತದೆ. ಡಿಸೆಂಬರಿನ ಅಕಾಲ ಮಳೆ, ಇಬ್ಬನಿ ಎಲ್ಲ ಅದರೊಳಗೆ ಇಳಿದು ನೇರ ಕಣ್ಣಿನ ಜಾಗದಲ್ಲಿ ನಿಲ್ಲುತ್ತದೆ. ಅದಕ್ಕೇ ಬಾಯಿಗೆ ಒಂದು ಪ್ಲಾಸ್ಟಿಕ್ ಚೂರು ಮುಚ್ಚಿ ದಾರ ಸುತ್ತಿ.

ದಂಟು ಕೊಯ್ದು ಒಂದು ವಾರ, ಹತ್ತು ದಿನ ಹಾಗೇ ಬಿಡಿ. ಕಣ್ಣು ಊದಿ ಚೆನ್ನಾಗಿ ಕಾಣುತ್ತದೆ.

## ಹಂತ 7: ಕೀಳುವುದು

ದಂಟು ಹಿಡಿದು ಎಳೆಯಬೇಡಿ. ಎಳೆದರೆ ಕುತ್ತಿಗೆಗಳೆಲ್ಲ ಒಳಗೇ ಮುರಿಯುತ್ತವೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಇಲ್ಲಿ ಮುರಿದದ್ದೇ ಮೇ ತಿಂಗಳಲ್ಲಿ "ಗಟ್ಟಿಯಾಗೇ ಇದೆ, ಚಿಗುರ್ತಾನೇ ಇಲ್ಲ" ಆಗುವುದು.

ನೆಲದಲ್ಲಿದ್ದರೆ ಬುಡದಿಂದ ಒಂದಡಿ ದೂರ ಸುತ್ತಲೂ ಅಗೆದು, ಕೆಳಗಿನಿಂದ ಮಣ್ಣು ಸಮೇತ ಎತ್ತಿ. ಕುಂಡವಾದರೆ ಮಲಗಿಸಿ, ಸುತ್ತ ತಟ್ಟಿ, ಮಣ್ಣಿನ ಹೆಂಟೆಯನ್ನೇ ಹೊರಗೆ ಜಾರಿಸಿ. ಮಣ್ಣನ್ನು ಬೆರಳಿನಿಂದ ಉದುರಿಸಿ. ತೊಳೆಯುವುದು ಬಿಡುವುದು ನಿಮ್ಮಿಷ್ಟ. ತೊಳೆದರೆ ಕೊಳೆತದ್ದು ಬೇಗ ಕಣ್ಣಿಗೆ ಬೀಳುತ್ತದೆ, ಆದರೆ ಬೇಗ ಒಣಗುತ್ತದೆ. ನಾನು ತೊಳೆಯುವುದಿಲ್ಲ. ತೆಳ್ಳಗೆ ಅಂಟಿದ ಮಣ್ಣು ಗೆಡ್ಡೆಗೆ ಅಂಗಿ ಇದ್ದ ಹಾಗೆ.

ಗೊಂಚಲನ್ನು ತಲೆಕೆಳಗಾಗಿ, ದಂಟು ಕೆಳಗೆ ಬರುವಂತೆ, ಒಂದೆರಡು ದಿನ ನೆರಳಲ್ಲಿಡಿ. ಕೊಳವೆಯ ನೀರು ಸೋರಿಹೋಗಲಿ. ಬಿಸಿಲು ಬೇಡವೇ ಬೇಡ. ಅಡಕೆ ಒಣಗಿಸುವ ಅಂಗಳ ಖಾಲಿ ಇದೆ ಅಂತ ಅಲ್ಲಿ ಹರವಿದರೆ ಸಂಜೆಯೊಳಗೆ ಸುಕ್ಕು.

## ಹಂತ 8: ಬೇಸಿಗೆ ದಾಟಿಸುವುದು

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಯೆಲ್ಲ ಹಿಮ ಬೀಳುವ ಊರಿನವು. ಅಲ್ಲಿನ ಭಯ ಗೆಡ್ಡೆ ಹೆಪ್ಪುಗಟ್ಟುವುದು. ನಮ್ಮ ಭಯ ಮಾರ್ಚ್, ಏಪ್ರಿಲಿನ ಸೆಕೆ. ಅವರ ವಿಧಾನವನ್ನು ಹಾಗೇ ಎತ್ತಿಕೊಂಡರೆ ಕೈಸುಡುತ್ತದೆ.

ಎರಡು ದಾರಿ ಇದೆ.

ಕುಂಡದಲ್ಲೇ ಬಿಡುವುದು. ಕೀಳುವ ರಗಳೆಯೇ ಬೇಡ ಅನ್ನುವವರಿಗೆ. ದಂಟು ಕೊಯ್ದ ಕುಂಡವನ್ನು ಬಿಸಿಲು ತಾಗದ, ಮಳೆ ಬೀಳದ ಜಗಲಿ ಮೂಲೆಗೆ ಸರಿಸಿ. ಮೇಲೆ ಒಂದು ಗೇಣು ದರಕು (ಒಣ ಎಲೆ) ಹಾಕಿ, ಹೆಗ್ಗಣ ಬಗೆಯದಂತೆ ಹಂಚೋ ಕಲ್ಲೋ ಮುಚ್ಚಿ. ತಿಂಗಳಿಗೊಮ್ಮೆ ಕುಂಡದ ಅಂಚಿಗೆ ಒಂದು ಲೋಟ ನೀರು. ನಡುವೆ ಹಾಕಬೇಡಿ. ಐದಾರು ಕುಂಡ ಇರುವವರಿಗೆ ಇದೇ ಸರಿ.

ಕಿತ್ತು ಮಡಕೆಯಲ್ಲಿಡುವುದು. ಮಡಕೆಯ ತಳಕ್ಕೆ ಮೂರು ಇಂಚು ಮರಳು ಅಥವಾ ನಾರಿನ ಪುಡಿ. ಅದರ ಮೇಲೆ ಗೊಂಚಲು, ಒಂದಕ್ಕೊಂದು ತಾಗದಂತೆ. ಮತ್ತೆ ಮರಳು, ಮತ್ತೆ ಗೊಂಚಲು. ಒಂದು ಕೊಳೆತರೆ ಪಕ್ಕದ್ದಕ್ಕೆ ಹಬ್ಬಬಾರದು, ಅದಕ್ಕೇ ಈ ಅಂತರ. ಮರಳಿನ ತೇವ ಎಷ್ಟಿರಬೇಕು? ಕೈ ಹಾಕಿದರೆ ತಣ್ಣಗನ್ನಿಸಬೇಕು, ಹೊರಗೆ ತೆಗೆದ ಕೈಗೆ ಅಂಟಬಾರದು. ಬಾಯಿಗೆ ಗೋಣಿಚೀಲ ಹೊದೆಸಿ ಕಟ್ಟಿ. ಮುಚ್ಚಳ ಬೇಡ.

ಮಡಕೆ ಎಲ್ಲಿಡುತ್ತೀರಿ ಅನ್ನುವುದರ ಮೇಲೆ ಮುಕ್ಕಾಲು ಪಾಲು ನಿಂತಿದೆ. ಅಟ್ಟ ಬೇಡ. ಹಂಚಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಒಮ್ಮೆ ಹತ್ತಿ ಐದು ನಿಮಿಷ ನಿಂತು ನೋಡಿ, ನಿಮಗೇ ಗೊತ್ತಾಗುತ್ತದೆ. ಒಲೆ ಉರಿಯುವ ಬಚ್ಚಲು ಮನೆ ಬೇಡ. ನೆಲಮಹಡಿಯ ಕತ್ತಲೆ ಕೋಣೆ, ಉಗ್ರಾಣದ ಮೂಲೆ, ಮಂಚದ ಕೆಳಗಿನ ತಣ್ಣನೆ ನೆಲ, ಇವು ಒಳ್ಳೆಯ ಜಾಗ.

ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಡಲೇಬಾರದು. ಹೊಸದಾಗಿ ಹುಚ್ಚು ಹಿಡಿದ ವರ್ಷ ನಾನು ಇಪ್ಪತ್ತಮೂರು ಗೊಂಚಲನ್ನು ತೊಳೆದು, ಒರೆಸಿ, ಬಿಗಿಯಾಗಿ ಕಟ್ಟಿ ಅಟ್ಟಕ್ಕೇರಿಸಿದ್ದೆ. ಮೇ ತಿಂಗಳಲ್ಲಿ ಗಂಟು ಬಿಚ್ಚಿದಾಗ ಬಂದ ವಾಸನೆಗೆ ಅತ್ತೆ ಜಗಲಿಯಿಂದಲೇ "ಇಲಿ ಸತ್ತಿದೆಯೇನೇ?" ಅಂತ ಕೇಳಿದರು. ಇಪ್ಪತ್ತಮೂರರಲ್ಲಿ ಉಳಿದದ್ದು ಎರಡು.

ಫ್ರಿಜ್? ನಾಲ್ಕೈದು ಗೆಡ್ಡೆಯಾದರೆ ಕಾಗದದಲ್ಲಿ ಸುತ್ತಿ ತರಕಾರಿ ಡಬ್ಬದಲ್ಲಿಡಬಹುದು. ಫ್ರೀಜರಿನಲ್ಲಿ ಬೇಡ, ಹಣ್ಣಿನ ಜೊತೆಗೂ ಬೇಡ.

## ಹಂತ 9: ತಿಂಗಳಿಗೊಮ್ಮೆ ಮಡಕೆ ತೆರೆಯುವುದು

ಅಮಾವಾಸ್ಯೆಗೋ ಹುಣ್ಣಿಮೆಗೋ, ನೆನಪಿರುವ ಒಂದು ದಿನ ಗೊತ್ತು ಮಾಡಿಕೊಳ್ಳಿ. ಪ್ರತಿ ಗೊಂಚಲನ್ನೂ ಮೆಲ್ಲಗೆ ಒತ್ತಿ ನೋಡಿ.

ಸ್ವಲ್ಪ ಸುಕ್ಕಾಗಿ, ಬಗ್ಗಿಸಿದರೆ ಬಳುಕಿದರೆ ಒಣಗುತ್ತಿದೆ ಅಂತ. ಗೆಡ್ಡೆಗಲ್ಲ, ಮರಳಿಗೆ ಒಂದಿಷ್ಟು ನೀರು ಚಿಮುಕಿಸಿ. ಮೇಲಿನ ಸುಕ್ಕು ನೋಡಿ ಹೆದರಿ ಎಸೆಯಬೇಡಿ, ಕುತ್ತಿಗೆ ಗಟ್ಟಿ ಇದ್ದರೆ ಅದು ಬದುಕಿದೆ. ಮೆತ್ತಗಾಗಿ ವಾಸನೆ ಬಂದರೆ, ಬಿಳಿ ತಿರುಳು ಕಾಣುವ ತನಕ ಕೊಳೆತದ್ದನ್ನು ಕೊಯ್ದು, ಬೂದಿ ಸವರಿ, ಆರಿಸಿ, ಬೇರೆ ಮಡಕೆಗೆ ಹಾಕಿ. ಹಳೆ ಮರಳು ಚೆಲ್ಲಿಬಿಡಿ. ಬಿಳಿ ಬೂಸಲು ಅಷ್ಟೇ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ ಒಂದು ದಿನ ಗಾಳಿಗೆ ಬಿಡಿ.

ಫೆಬ್ರವರಿ, ಮಾರ್ಚಿನಲ್ಲೇ ಬಿಳಿಚಿಕೊಂಡ ಉದ್ದ ಚಿಗುರು ಬಂತೇ? ಗಾಬರಿ ಬೇಡ. ಕುಂಡಕ್ಕೆ ನೆಟ್ಟು ನೆರಳಲ್ಲಿ ಅಷ್ಟಿಷ್ಟು ನೀರು ಕೊಟ್ಟು ಬೆಳೆಸಿ. ಜೂನಿನೊಳಗೆ ಅದರಿಂದ ಎರಡು ಮೂರು ಕುಡಿ ತೆಗೆಯಬಹುದು.

## ಬೇರೆ ಊರಿನವರಿಗೆ

ಬೆಂಗಳೂರು, ಮೈಸೂರು ಕಡೆ ಲೆಕ್ಕ ತಿರುವುಮುರುವು. ಅಲ್ಲಿ ಹಲವರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನೆಟ್ಟು ಚಳಿಗಾಲದಲ್ಲಿ ಹೂವು ನೋಡುತ್ತಾರೆ. ಮಾರ್ಚ್ ಕೊನೆಗೆ ಗಿಡ ಒಣಗಿಸಿ ಗೆಡ್ಡೆ ಎತ್ತಬೇಕು. ಮೊದಲ ಎರಡು ತಿಂಗಳು ಸೆಕೆಯಿಂದ, ಆಮೇಲೆ ಮಳೆಯ ತೇವದಿಂದ ಕಾಪಾಡಬೇಕು, ಹಾಗಾಗಿ ಜೂನಿನ ನಂತರ ಮರಳಿಗೆ ನೀರು ಚಿಮುಕಿಸುವುದು ಬಿಟ್ಟುಬಿಡಿ.

ಹಿಮ ಬೀಳುವ ದೇಶದಲ್ಲಿರುವವರು ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ದಂಟು ಕೊಯ್ದು, ಒಂದು ವಾರ ಬಿಟ್ಟು, ನೆಲ ಹೆಪ್ಪುಗಟ್ಟುವ ಮೊದಲು ಕಿತ್ತುಕೊಳ್ಳಿ. ಇಡುವ ಜಾಗ 4ರಿಂದ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಹೀಟರ್ ಇರುವ ಕೋಣೆಯಲ್ಲಿ ನಮ್ಮ ಅಟ್ಟದ ಕತೆಯೇ.

## ಕೊನೆಗೊಂದು ಕೆಲಸ

ಡಿಸೆಂಬರಿನಲ್ಲಿ ಕಿತ್ತಾಗಲೇ ಪ್ರತಿ ಬಣ್ಣದ್ದೂ ಒಂದೊಂದು ಗೊಂಚಲನ್ನು ಬೇರೆಯವರ ಮನೆಯಲ್ಲಿಡಿ. ತವರೋ, ನೆರೆಮನೆಯೋ, ಯಾವುದಾದರೂ ಸರಿ. ಕೊಡುವಾಗ ಮೈಮೇಲೆ ಹೆಸರು ಬರೆದು, ಕಣ್ಣು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ಹೋದ ವರ್ಷ ನನ್ನ ಮಡಕೆಗೆ ಇಲಿ ಬಿದ್ದು "ಪೋಸ್ಟ್ ಮನೆ ಕೆನೆ" ಪೂರ್ತಿ ಹೋಯಿತು. ಪೋಸ್ಟ್ ಮನೆಯಲ್ಲೂ ಅದು ಉಳಿದಿರಲಿಲ್ಲ. ಮೂರು ವರ್ಷದ ಹಿಂದೆ ಅಕ್ಕನಿಗೆ ಕೊಟ್ಟಿದ್ದೆ. ಅವಳಲ್ಲಿ ಏಳು ಕುಂಡ ಆಗಿತ್ತು, ಎರಡು ವಾಪಸ್ ತಂದೆ.